ಬಲೆ ಹೆಣೆಯದ ಜೇಡ

ಜೇಡವೆಂದರೆ ಬಲೆ ಎಂದೇ ನಮ್ಮ ಎಣಿಕೆ. ಆನೆಗೊಂದಿಯ ಬಂಡೆಗಳ ನಡುವೆ ನಡೆಯುವಾಗ ಮರದ ಕಾಂಡಗಳನ್ನು ಹತ್ತಿರದಿಂದ ನೋಡಿರಿ. ತೊಗಟೆಯದೇ ಬಣ್ಣದ, ಎರಡು ಬಾಲಗಳಿರುವಂತೆ ಕಾಣುವ ಜೇಡ ಸಿಕ್ಕೀತು. ಕರ್ನಾಟಕದಲ್ಲಿ ಅದು ಅಪರೂಪವಲ್ಲ. ಆ 'ಬಾಲ'ಗಳು ನೂಲುವ ಅಂಗಗಳು. ಕೀಟ ಹತ್ತಿರ ಬಂದೊಡನೆ ಅದರ ಸುತ್ತ ಗಿರಗಿರನೆ ಓಡಿ, ನೂಲಿನಿಂದ ಕಾಂಡಕ್ಕೇ ಬಿಗಿದು, ಆಮೇಲೆ ಕಚ್ಚುತ್ತದೆ.

ಮನೆಯ ಗೋಡೆಗಳ ಮೇಲೆ ಇದಕ್ಕಿಂತಲೂ ವಿಚಿತ್ರವಾದುದೊಂದಿದೆ: ಉಗುಳುವ ಜೇಡ. ಹೆಚ್ಚಿನ ಜೇಡಗಳಿಗೆ 8 ಕಣ್ಣುಗಳಾದರೆ ಇದಕ್ಕೆ ಆರೇ. ದೃಷ್ಟಿ ಮಂದ, ನಡಿಗೆ ನಿಧಾನ. ಬೇಟೆಯನ್ನು ಬೆನ್ನಟ್ಟುವ ಶಕ್ತಿ ಎಲ್ಲಿಂದ ಬರಬೇಕು! ಆದರೆ ಅದರ ವಿಷಗ್ರಂಥಿಯ ಒಂದು ಭಾಗದಲ್ಲಿ ಅಂಟು ತಯಾರಾಗುತ್ತದೆ. ಉದ್ದನೆಯ ಮುಂಗಾಲುಗಳಿಂದ ಬೇಟೆಯ ಇರವನ್ನು ಅರಿತು, ಒಂದೆರಡು ಸೆಂಟಿಮೀಟರ್ ದೂರದಿಂದ ಅಂಟಿನ ಎಳೆಗಳನ್ನು ಅಡ್ಡಾದಿಡ್ಡಿಯಾಗಿ ಉಗುಳುತ್ತದೆ. ಕಣ್ಣೆವೆ ಬಡಿಯುವುದರೊಳಗೆ ಕೀಟ ನೆಲಕ್ಕೆ ಅಂಟಿರುತ್ತದೆ.

ಭಾರತ, ಶ್ರೀಲಂಕಾಗಳಲ್ಲಿರುವ ಮತ್ತೊಂದು ಬಗೆಯದು ಒಂದೇ ನೂಲಿನ ತುದಿಗೆ ಅಂಟಿನ ಹನಿ ಕಟ್ಟಿ ಪತಂಗಗಳತ್ತ ಬೀಸುತ್ತದೆ. ಅಮೆರಿಕದಲ್ಲಿರುವ ಅದರ ಬಂಧುಗಳು ಹೆಣ್ಣು ಪತಂಗದ ವಾಸನೆಯನ್ನೇ ಸೂಸಿ ಗಂಡುಗಳನ್ನು ಕರೆಸಿಕೊಳ್ಳುತ್ತವೆ.

ಪವಿತ್ರ ಕುರ್‌ಆನಿನ 29ನೆಯ ಅಧ್ಯಾಯದ 41ನೆಯ ಸೂಕ್ತದಲ್ಲಿ ಜೇಡನ ಮನೆಯ ಉಪಮೆಯಿದೆ. ಅದನ್ನು ಕೇಳಿದ ಕೆಲವು ಮಕ್ಕಳು ಜೇಡವೇ ಕೆಟ್ಟದ್ದೆಂದು ಚಪ್ಪಲಿ ಎತ್ತುವುದುಂಟು. ಆದರೆ ಅಲ್ಲಿನ ಆಕ್ಷೇಪವಿರುವುದು ಅಲ್ಲಾಹನನ್ನು ಬಿಟ್ಟು ಇತರರನ್ನು ರಕ್ಷಕರಾಗಿ ಮಾಡಿಕೊಂಡವರ ಮೇಲೆ, ಜೇಡದ ಮೇಲಲ್ಲ. ಉಗುಳುವ ಜೇಡವಂತೂ ಮನುಷ್ಯರಿಗೆ ಅಪಾಯಕಾರಿಯಲ್ಲ. ಪೊರಕೆ ಎತ್ತುವ ಮೊದಲು ಅದರ ಬಾಯಿಯತ್ತ ನೋಡಿರಿ: ತಾಯಿ ಜೇಡವಾದರೆ ಮೊಟ್ಟೆಗಳ ಗಂಟನ್ನು ಅಲ್ಲಿಯೇ ಕಚ್ಚಿ ಹಿಡಿದು ನಡೆಯುತ್ತಿರುತ್ತದೆ.