ಊರಿಗೊಂದು ಚಾರ್ಜಿಂಗ್ ಕಟ್ಟೆ



ಪೆಟ್ರೋಲು ಬೇಡದ ವಿದ್ಯುತ್ ಸ್ಕೂಟರು, ಆಟೋಗಳು ಈಗ ಹಳ್ಳಿಗಳಿಗೂ ಬಂದಿವೆ. ಮನೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿದ್ದವರಿಗೆ ಚಿಂತೆಯಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಬೆಳಗ್ಗೆ ಹೊರಡಬಹುದು. ಆದರೆ ಗಾಡಿ ನುಗ್ಗದ ಓಣಿಯ ಮನೆಯವರು, ಬಾಡಿಗೆ ಆಟೋದವರು, ತೊಣ್ಣೂರು ಕೆರೆಯನ್ನೂ ನಂಬಿನಾರಾಯಣ ಸ್ವಾಮಿಯನ್ನೂ ನೋಡಲು ಬರುವವರು ಏನು ಮಾಡಬೇಕು? ಇವರಿಗೆ ಸಾರ್ವಜನಿಕ ಏರ್ಪಾಡು ಬೇಕು. ಅದು ಎಷ್ಟು ದೊಡ್ಡದಿರಬೇಕೆಂಬುದೇ ಈ ಪಾಠ.

ತೂಬಿನ ಲೆಕ್ಕ

ಕೆರೆ ಎಷ್ಟೇ ತುಂಬಿರಲಿ, ಗದ್ದೆಗೆ ಬರುವ ನೀರು ತೂಬಿನ ಅಳತೆಯಷ್ಟೆ. ವಿದ್ಯುತ್ತಿನಲ್ಲಿ ಊರಿನ ತೂಬೆಂದರೆ ಟ್ರಾನ್ಸ್‌ಫಾರ್ಮರು. ಅದರ ಮೇಲೆ 25, 63 ಅಥವಾ 100 ಕೆ.ವಿ.ಎ. ಎಂದು ಬರೆದಿರುತ್ತದೆ. ಸ್ಕೂಟರಿನ ಸಾಧಾರಣ ಚಾರ್ಜರು ಎಳೆಯುವುದು ಸುಮಾರು ಒಂದು ಅಶ್ವಶಕ್ತಿ. ಐದು ಸ್ಕೂಟರು ಸೇರಿದರೆ ನಿಮ್ಮ ಒಂದು ಐದು ಅಶ್ವಶಕ್ತಿಯ ಪಂಪಿಗೆ ಸಮ. 30 ಕಿಲೋವ್ಯಾಟಿನ ವೇಗದ ಚಾರ್ಜರಾದರೋ ಅಂಥ ಎಂಟು ಪಂಪುಗಳಿಗೆ ಸಮ! 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಅದೊಂದನ್ನೇ ತಾಳಲಾರದು. ಮನೆಯ ದೀಪಕ್ಕೆ, ಹಿಟ್ಟಿನ ಗಿರಣಿಗೆ ಉಳಿಯುವುದೇನು?

ಮೂರು ದಾರಿಗಳು

1. ಮನೆಯ ಪ್ಲಗ್ಗು: ದಿನಕ್ಕೆ 30 ಕಿಲೋಮೀಟರು ಓಡುವ ಸ್ಕೂಟರಿಗೆ ತಿಂಗಳಿಗೆ ಸುಮಾರು 35–40 ಯೂನಿಟ್ ಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಪಡೆಯುವವರು ಗಮನಿಸಿ: ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ನಿಮ್ಮದೇ.

2. ಚಾರ್ಜಿಂಗ್ ಕಟ್ಟೆ: ಪಂಚಾಯಿತಿ ಕಚೇರಿ ಅಥವಾ ಹಾಲಿನ ಡೈರಿಯ ಬಳಿ ಮಾಡು ಹಾಕಿ, ಪ್ರತ್ಯೇಕ ಮೀಟರಿನೊಂದಿಗೆ 16 ಆಂಪಿಯರಿನ ಮೂರು ನಾಲ್ಕು ಸಾಕೆಟ್ಟು. ಸ್ಕೂಟರಿಗೆ ನಾಲ್ಕೈದು ಗಂಟೆ ಸಾಕು.

3. ವೇಗದ ಚಾರ್ಜರು: ಇದು ದೂರ ಹೋಗುವ ಕಾರುಗಳಿಗೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಇದಕ್ಕೆ ಅರ್ಥವುಂಟು.

ಸಣ್ಣ ಊರಿಗೆ ಎರಡನೆಯ ದಾರಿಯೇ ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಖರ್ಚು ಯಾರದು?

ಮೂರು ಯೂನಿಟ್ಟಿನ ಬ್ಯಾಟರಿ ತುಂಬಲು, ನಷ್ಟ ಸೇರಿ, ಸುಮಾರು 3.3 ಯೂನಿಟ್ ಬೇಕು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 26 ರೂಪಾಯಿ ಆಯಿತು. ಬಳಸಿದವನು ಮೀಟರು ನೋಡಿ ಹಣ ಕೊಡಬೇಕು, ಪುಸ್ತಕದಲ್ಲಿ ಬರೆಯಬೇಕು. ಪುಕ್ಕಟೆ ಮಾಡಿದರೆ ಗಾಡಿಯಿಲ್ಲದ ಕೂಲಿಯವನ ಕಂದಾಯದಿಂದ ಗಾಡಿಯವನು ಓಡಿಸಿದಂತಾಗುತ್ತದೆ, ಇದು ನ್ಯಾಯವಲ್ಲ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಲೈಸೆನ್ಸು ಬೇಕಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ತಿಳಿಸಿದೆ. ಆದರೆ ಸಂಪರ್ಕವನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಕ್ರಮವಾಗಿ ಪಡೆಯಬೇಕು.

ಮರೆಯಬಾರದ ಮಾತುಗಳು

• ಪಂಪ್‌ಸೆಟ್ಟಿನ ಲೈನಿನಿಂದ ಗಾಡಿ ಚಾರ್ಜು ಮಾಡಕೂಡದು; ಅದು ನೀರಾವರಿಗೆ ಮಾತ್ರ ಕೊಟ್ಟದ್ದು.
• ನೆಲಕ್ಕೆ ಅರ್ತಿಂಗ್ ಇಲ್ಲದ ಸಾಕೆಟ್ಟು ಯಮನ ಬಾಗಿಲು. ಸೋರಿಕೆಯಾದೊಡನೆ ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚನ್ನೂ ಹಾಕಿಸಿ.
• ತೆಳು ತಂತಿ ಎಳೆದು ಕಿಟಕಿಯಿಂದ ಚಾರ್ಜು ಮಾಡಬೇಡಿ.
• ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಿ. ಊದಿದ ಅಥವಾ ನೀರು ನುಗ್ಗಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ.
• ಹುಲ್ಲಿನ ಬಣವೆ, ಕೊಟ್ಟಿಗೆಗಳಿಂದ ದೂರವಿರಲಿ.

ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಯ ಸರದಿ ಬಹಳ ತಡವಾಗಿ ಬಂತು. ಈ ಸಲ ಹಾಗೆ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಮೊದಲು ಮೂರು ಕೆಲಸ ಮಾಡಿ: ಊರಿನ ವಿದ್ಯುತ್ ಗಾಡಿಗಳನ್ನು ಎಣಿಸಿ, ಟ್ರಾನ್ಸ್‌ಫಾರ್ಮರಿನ ಅಳತೆ ಬರೆದುಕೊಳ್ಳಿ, ಕಟ್ಟೆಯ ಬೀಗದ ಕೈ ಹಿಡಿಯುವವರು ಯಾರೆಂದು ಗೊತ್ತುಮಾಡಿ. ಈ ಮೂರು ಇದ್ದರೆ ಅರ್ಜಿ ಬರೆಯುವುದು ಸುಲಭ.