ಆತಂಕದ ಗುಳಿಗೆ ಬಿಡುವವರಿಗೆ ಕಾನೂನಿನ ಆಸರೆ

ಅಲ್ಪ್ರಜೋಲಾಂ, ಡಯಾಜೆಪಾಂ, ಕ್ಲೋನಜೆಪಾಂನಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಂಡವರು ಒಂದೇ ದಿನಕ್ಕೆ ನಿಲ್ಲಿಸಬಾರದು. ನಿದ್ದೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಮೈ ಬೆವರುತ್ತದೆ; ಕೆಲವರಿಗೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತೆಗೆದುಕೊಳ್ಳುತ್ತಿರುವ ಡೋಸಿನಲ್ಲಿ ಶೇ 5ರಿಂದ 10ರಷ್ಟನ್ನೇ ಇಳಿಸಬೇಕೆಂಬುದು ಈಗಿನ ವೈದ್ಯಕೀಯ ಸಲಹೆ. ಇದಕ್ಕೆ ತಿಂಗಳುಗಳೇ ಬೇಕು. ಅಷ್ಟು ಕಾಲ ಗುಳಿಗೆ ತಪ್ಪದೆ ಸಿಗಬೇಕು, ಲೆಕ್ಕ ತಪ್ಪದೆ ಇಳಿಯಬೇಕು.

ಅಲ್ಪ್ರಜೋಲಾಂ, ಡಯಾಜೆಪಾಂ 2014ರ ಮಾರ್ಚ್ 1ರಿಂದ ಔಷಧ ನಿಯಮಗಳ 'ಎಚ್1' ಪಟ್ಟಿಯಲ್ಲಿವೆ. ಮೆಡಿಕಲ್ ಶಾಪಿನವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ. ಹಳೇ ಚೀಟಿಗೆ ಕೊಡಲ್ಲ ಎಂದವರ ಮೇಲೆ ಸಿಟ್ಟಾಗಬೇಡಿ, ಅವರು ನಿಯಮ ಪಾಲಿಸುತ್ತಿದ್ದಾರೆ. ಯಾವ ವಾರ ಎಷ್ಟು ಮಿಲಿಗ್ರಾಂ, ಎಷ್ಟು ಸಲ ಕೊಡಬಹುದು ಎಂಬುದನ್ನೆಲ್ಲ ವೈದ್ಯರಿಂದಲೇ ಬರೆಸಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಬೇರಿಲ್ಲ. ಹೊಸಪೇಟೆಯಿಂದ ಗುಳಿಗೆ ತರುವಾಗ ಪೊಲೀಸರು ಹಿಡಿದಾರೆಂಬ ಭಯಕ್ಕೂ ಅದೇ ಉತ್ತರ: ಮಾದಕ ವಸ್ತು ನಿಯಮಗಳ 66ನೇ ನಿಯಮದಂತೆ ಸ್ವಂತ ಚಿಕಿತ್ಸೆಗೆ ಒಮ್ಮೆಗೆ 100 ಗುಳಿಗೆವರೆಗೆ ಇಟ್ಟುಕೊಳ್ಳಬಹುದು. ದೀರ್ಘ ಚಿಕಿತ್ಸೆಗೆಂದು ವೈದ್ಯರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ರೋಗಿಗೆ ಚಿಕಿತ್ಸೆಯ ಹಕ್ಕನ್ನೇ ಕೊಟ್ಟಿದೆ. ಔಷಧದ ಅಡ್ಡಪರಿಣಾಮಗಳನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು (22ನೇ ಕಲಂ), ಗುಟ್ಟು ಕಾಯಬೇಕು (23), ಕೇಳಿದರೆ ಮೂಲಭೂತ ವೈದ್ಯಕೀಯ ದಾಖಲೆ ಕೊಡಬೇಕು (25). ಅಗತ್ಯ ಔಷಧ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಜಿಲ್ಲೆಯಲ್ಲಿ ಕನಿಷ್ಠ ಸೇವೆಯೂ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಕಡೆಯ ಮಾನಸಿಕ ಚಿಕಿತ್ಸೆಯ ಖರ್ಚು ಸರ್ಕಾರದ್ದೇ.

ಈ ಹಕ್ಕು ಕೇಳಲು ನಮ್ಮ ಸೀಮೆಗೆ ಸಂಕೋಚ ಏಕೆ? ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ, 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಯೋಗಿಸಿತು. 1996ರಲ್ಲಿ ದೇಶದ ಕಾರ್ಯಕ್ರಮ ಆರಂಭವಾದದ್ದು ಆ ಬಳ್ಳಾರಿ ಮಾದರಿಯಿಂದ. ಈಗ ರಾಜ್ಯ ಸರ್ಕಾರದ 'ಮನೋಚೈತನ್ಯ' ಯೋಜನೆಯಡಿ ಮನೋವೈದ್ಯರು ಬರುವ ದಿನ ಯಾವುದೆಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಸೇವೆಯಲ್ಲಿ ಲೋಪವಾದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 28ನೇ ಕಲಂ ಪ್ರಕಾರ ಮೊದಲು ಆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ, ನಂತರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ. ದೂರು ಬರೆಯಲು ನೆರವು ಬೇಕಾದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ; ಕಾನೂನು ನೆರವಿನ ಸಹಾಯವಾಣಿ 15100. ಮಾನಸಿಕ ಅಸ್ವಸ್ಥರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು. ರಾತ್ರಿ ಹೊತ್ತು ಆತಂಕ ಹೆಚ್ಚಿದರೆ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ ಮಾತ್ರ ತಡಮಾಡದೆ 108ಕ್ಕೆ ಕರೆ ಮಾಡಿ, ಬಿಡುತ್ತಿರುವ ಗುಳಿಗೆಯ ಹೆಸರನ್ನು ವೈದ್ಯರಿಗೆ ಹೇಳಿ.