ಹಳೆಯ ಗಾಡಿಯ ವೈರಿಂಗ್ ದೋಷ: ಪತ್ತೆ ಹಚ್ಚುವ ಬಗೆ

ನಮ್ಮ ಸದಸ್ಯರಲ್ಲಿ ಹಲವರ ಶೆಡ್ಡಿನಲ್ಲಿ ಇಂದಿಗೂ ಹಳೆಯ ಜೀಪೋ, ಪದ್ಮಿನಿಯೋ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರೋ ಇದೆ. ತೋಟದ ದಾರಿಯಲ್ಲಿ ತಕರಾರಿಲ್ಲದೆ ಓಡುವ ಈ ಗಾಡಿಗಳು ನೆಲಮಂಗಲ ದಾಟಿ ಬೆಂಗಳೂರು ಸೇರುವಾಗಲೇ ಕೈಕೊಡುತ್ತವೆ ಎಂಬ ದೂರನ್ನು ನಾವು ಬಹಳ ಕೇಳಿದ್ದೇವೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ದೀಪ ಮಂಕಾಗುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮಕ್ಕಳನ್ನು ಕರೆತರಲು ಹೊರಟವರ ಗಾಡಿ ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತುಬಿಡುತ್ತದೆ. ಹಿಂದಿನವರ ಹಾರನ್ನಿಗೆ ಬೆದರಿ, ಯಶವಂತಪುರದಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು ಊರಿಗೆ ಬಂದರೆ, ತಿಂಗಳೊಳಗೆ ಅದೇ ಕಥೆ. ಇಂಥ ಪ್ರಸಂಗಗಳಲ್ಲಿ ಹೆಚ್ಚಿನವು ಬ್ಯಾಟರಿಯ ದೋಷವಲ್ಲ.

ಡೈನಮೋ ಇರುವ ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಏನನ್ನೂ ತುಂಬುವುದಿಲ್ಲ. ತುಸು ವೇಗ ಬಂದ ಮೇಲಷ್ಟೇ ಕೊಡಲಾರಂಭಿಸುತ್ತದೆ. ಲೆಕ್ಕ ಹಾಕಿ ನೋಡೋಣ. 45 ವ್ಯಾಟಿನ ಎರಡು ಹೆಡ್‌ಲೈಟ್ ಸೇರಿ ಏಳೂವರೆ ಆಂಪಿಯರ್, ಕಾಯಿಲ್ ಸುಮಾರು ಮೂರು, ಮಳೆಯಿದ್ದರೆ ವೈಪರ್ ಮೂರು, ಉಳಿದ ಸಣ್ಣ ದೀಪಗಳು ಎರಡು. ಸಂಜೆಯ ಸಂದಣಿಯಲ್ಲಿ ಒಂದು ಗಂಟೆ ತೆವಳಿದರೆ 60 ಆಂಪಿಯರ್-ಗಂಟೆಯ ಬ್ಯಾಟರಿಯ ಕಾಲುಭಾಗ ಖಾಲಿ. ಆಲ್ಟರ್ನೇಟರ್ ಇರುವ ಗಾಡಿಗೆ ಈ ಕಷ್ಟ ಕಡಿಮೆ. ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು: ರಾತ್ರಿಯಿಡೀ ಸುಮ್ಮನಿದ್ದ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎಂಜಿನನ್ನು ಸ್ವಲ್ಪ ರೇಸ್ ಮಾಡಿದಾಗ ಹದಿನಾಲ್ಕರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬೆಲ್ಟು, ಡೈನಮೋದ ಬ್ರಶ್ಶು, ಕಟ್-ಔಟ್ ಇವುಗಳನ್ನು ನೋಡಿಸತಕ್ಕದ್ದು.

ಇದೆಲ್ಲ ಸರಿಯಿದ್ದೂ ಸೆಲ್ಫ್ ಹೊಡೆದರೆ ‘ಟಕ್’ ಎಂಬ ಶಬ್ದ ಮಾತ್ರ ಬರುತ್ತಿದ್ದರೆ ಅರ್ತ್ ಮೇಲೆ ಸಂಶಯ ಇಡಬೇಕು. ಗಾಡಿಯಲ್ಲಿ ವಿದ್ಯುತ್ತು ಹೋಗಲು ವೈರು, ಮರಳಲು ಗಾಡಿಯ ಕಬ್ಬಿಣದ ಮೈ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಮರಳುವ ದಾರಿಯನ್ನು ನೋಡುವವರು ವಿರಳ. ಮಲೆನಾಡಿನ ಮಳೆಯಲ್ಲಿ ಚಾಸಿಯ ಬೋಲ್ಟಿನಡಿ ತುಕ್ಕು ಸೇರುತ್ತದೆ. ಅದಕ್ಕಿಂತ ಕೆಟ್ಟದ್ದು, ನಾವೇ ಜೀಪಿನಲ್ಲಿ ಹೇರುವ ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಚಾಕು ಅದ್ದಿ ನೋಡುವುದು ಎಲ್ಲ ಬೆಳೆಗಾರರಿಗೂ ಗೊತ್ತು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಕಬ್ಬಿಣ ಅಷ್ಟರಮಟ್ಟಿಗೆ ಕರಗಿತೆಂದೇ ಅರ್ಥ. ಚೀಲದಿಂದ ಉದುರಿದ ಪುಡಿ ನೆಲದ ತಗಡಿನಲ್ಲಿ ಒದ್ದೆಯಾದರೆ ಅಲ್ಲಿಯೂ ಅದೇ ಕ್ರಿಯೆ ನಡೆಯುತ್ತದೆ. ಕೊಳೆರೋಗದ ಸಿಂಪಡಣೆ ಮುಗಿದ ಮೇಲೆ ಜೀಪಿನ ಒಳಗನ್ನು ನೀರು ಹಾಕಿ ತೊಳೆದು ಒಣಗಿಸದವರು ವೈರಿಂಗ್ ಬಗ್ಗೆ ದೂರುವುದರಲ್ಲಿ ಅರ್ಥವಿಲ್ಲ.

ಅರ್ತ್ ಪರೀಕ್ಷೆ ಹೀಗೆ. ಎಂಜಿನ್ ಹತ್ತಿಕೊಳ್ಳದಂತೆ ಕಾಯಿಲಿನ ಸಣ್ಣ ವೈರನ್ನು ಬಿಚ್ಚಿ, ಡೀಸೆಲ್ ಆದರೆ ಸ್ಟಾಪ್ ಎಳೆದಿಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಡೆಯ ಸೀಸದ ಗೂಟಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದನ್ನು ಎಂಜಿನ್ನಿನ ಹೊಳೆಯುವ ಲೋಹಕ್ಕೆ. ಈಗ ಒಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರನೇ ಒಂದು ಭಾಗದ ತಡೆಯೂ ಒಂದೂವರೆ ವೋಲ್ಟನ್ನು ನುಂಗಿಬಿಡುತ್ತದೆ. ಕಣ್ಣಿಗೆ ಗಟ್ಟಿಯಾಗಿ ಕಾಣುವ ಪಟ್ಟಿಯ ಒಳಗೆ ಎಳೆಗಳು ಹಸಿರುಗಟ್ಟಿ ಪುಡಿಯಾಗಿರುವುದುಂಟು. ಎಂಜಿನ್ನಿಗೂ ಚಾಸಿಗೂ ನಡುವಿನ ಪಟ್ಟಿ ಕಡಿದಾಗಲಂತೂ ವಿದ್ಯುತ್ತು ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಮರಳಲು ನೋಡುತ್ತದೆ. ಕೇಬಲ್ ಕಾದು ಹೊಗೆಯೆದ್ದರೆ ಗಾಡಿಯನ್ನು ಮುಂದೆ ಒಯ್ಯಕೂಡದು. ಪಕ್ಕದಲ್ಲೇ ಪೆಟ್ರೋಲಿನ ಪೈಪು ಇರುತ್ತದೆ.

ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ದೀಪವೂ ಮಿಣುಕುವುದು ಇದೇ ರೋಗದ ಚಿಕ್ಕ ರೂಪ. ಆ ದೀಪದ ಅರ್ತ್ ಹಾಳಾಗಿ, ಕರೆಂಟು ಪಕ್ಕದ ಬಲ್ಬಿನ ತಂತಿಯ ಮೂಲಕ ದಾರಿ ಹುಡುಕುತ್ತಿರುತ್ತದೆ. ಎಮರಿ ಕಾಗದದಿಂದ ಉಜ್ಜಿ, ಬಿಗಿ ಮಾಡಿ, ವ್ಯಾಸಲೀನ್ ಸವರಿದರೆ ಮುಗಿಯಿತು.

ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಸಿಗರೇಟು ಪೊಟ್ಟಣದ ತಗಡಿನ ಕಾಗದ ಸುತ್ತುವ ಚಪಲ ಬೇಡ. ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬ್ರೇಕ್ ಬಲ್ಬೊಂದನ್ನು ಎರಡು ವೈರಿನಿಂದ ಸೇರಿಸಿ. ಶಾರ್ಟ್ ಇರುವ ತನಕ ಅದು ಪೂರ್ಣ ಉರಿಯುತ್ತದೆ, ಆದರೆ ವೈರು ಸುಡುವುದಿಲ್ಲ. ಆ ಫ್ಯೂಸಿಗೆ ಸೇರಿದ ಹಾರನ್, ವೈಪರ್, ದೀಪ ಒಂದೊಂದನ್ನೇ ಬಿಚ್ಚುತ್ತ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬು ಮಂಕಾಯಿತೋ ಆ ಕವಲಿನಲ್ಲಿ ದೋಷವಿದೆ. ಇಲಿ ಕಡಿದ ಜಾಗ ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಹಿಂದೆ ಸಿಗುತ್ತದೆ. ವೈರು ಬದಲಿಸುವಾಗ ಮನೆಗೆ ಹಾಕುವ ಒಂಟಿ ಎಳೆಯ ತಂತಿ ಬೇಡ. ಅದು ಅದುರಾಟಕ್ಕೆ ಮುರಿಯುತ್ತದೆ. ಹಲವು ಎಳೆಗಳ ಮೋಟಾರು ವೈರನ್ನೇ, ಹಿಂದಿದ್ದ ಬಣ್ಣದಲ್ಲಿಯೇ ಹಾಕಿಸಿ. ಎಲ್ಲವನ್ನೂ ಕೆಂಪಿನಲ್ಲಿ ಎಳೆದುಕೊಡುವ ಮಿಸ್ತ್ರಿ ಮುಂದಿನ ಮಿಸ್ತ್ರಿಗೆ ಒಂದು ದಿನದ ಕೂಲಿ ಹುಟ್ಟಿಸುತ್ತಾನೆ.

ಬೆಂಗಳೂರಿನಲ್ಲಿ ನೋಂದಣಿಯಾದ ಹಳೆಯ ಕಾರನ್ನು ಇಟ್ಟುಕೊಂಡವರಿಗೆ ಇನ್ನೊಂದು ವಿಚಾರ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಿಸಬೇಕು, ಕೆ.ಎ. 04 ಯಶವಂತಪುರದ ಕಚೇರಿಯ ಸಂಖ್ಯೆ, ಕೆ.ಎ. 50 ಯಲಹಂಕದ್ದು. ಗಾಡಿ ಒಯ್ಯುವ ಮುನ್ನಾದಿನ ಕತ್ತಲಾದ ಮೇಲೆ ಅಂಗಳದಲ್ಲಿ ನಿಲ್ಲಿಸಿ, ಒಬ್ಬರು ಒಳಗೆ ಕೂತು ಸ್ವಿಚ್ ಹಾಕುತ್ತ, ಇನ್ನೊಬ್ಬರು ಸುತ್ತು ಬಂದು ದೀಪಗಳನ್ನು ಎಣಿಸಲಿ. ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪವನ್ನೂ ಸೇರಿಸಿ.